ಪೇಟಿ ಮತ್ತು ಪ್ರೇಮಲೋಕ

ನಮ್ಮ ಮನೆಗೆ 'ಪ್ರೇಮಲೋಕ' ಬಂದದ್ದು ಪೇಟಿ ರಿಪೇರಿಯ ರೊಕ್ಕದಲ್ಲಿ. ಈ ಸಂಗತಿಯನ್ನು ಅಪ್ಪ ಬದುಕಿರುವ ತನಕ ಮರೆಯಲಿಲ್ಲ. ತಮ್ಮನಿಗೆ ಮರೆಯಲು ಬಿಡಲೂ ಇಲ್ಲ.

1987ರ ಕೊನೆ. ಎಳ್ಳಮಾಸಿ ಹತ್ತಿರ ಬಂದಿತ್ತು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಥಂಡಿ ಗಾಳಿಗೆ ನಮ್ಮ ಡೋಣಿಯ ಜನ ಹೊತ್ತು ಮುಳುಗುವುದರೊಳಗೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಗ ಗುಡ್ಡದ ಮೇಲೆ ಈಗಿನ ಗಾಳಿಯಂತ್ರಗಳು ಇರಲಿಲ್ಲ. ನಮ್ಮದು ಇನ್ನೂ ಧಾರವಾಡ ಜಿಲ್ಲೆ, ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಜಾತ್ರೆಗೆ ನಾಟಕ ಆಡುವುದೆಂದು ಊರ ಹಿರಿಯರು ಗೊತ್ತು ಮಾಡಿದ್ದರು. ತಾಲೀಮು ಶುರುವಾಗಬೇಕು. ಶುರುವಾಗಬೇಕೆಂದರೆ ಅಪ್ಪನ ಪೇಟಿ ಬೇಕು. ಪೇಟಿಯ ತಿದಿ ಹರಿದಿತ್ತು, ಎರಡು ಮನೆ ಒತ್ತಿದರೆ ದನಿಯ ಬದಲು ಉಬ್ಬಸದವರ ಉಸಿರಿನಂಥ ಸಪ್ಪಳ ಬರುತ್ತಿತ್ತು. ಅಪ್ಪ ನೂರಾ ಇಪ್ಪತ್ತು ರೂಪಾಯಿ ಎಣಿಸಿ ತಮ್ಮನ ಕೈಗೆ ಕೊಟ್ಟು, ಪೇಟಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಗದಗಿನ ಬಸ್ಸಿಗೆ ಹತ್ತಿಸಿದ. ತಮ್ಮನಿಗೆ ಆಗ ಹದಿನಾರು.

ಸಂಜೆ ತಮ್ಮ ಪೇಟಿಯಿಲ್ಲದೆ ಬಂದ. ಅದನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದೇನೆ, ಅರ್ಧ ರೊಕ್ಕ ಮುಂಗಡ ಕೊಟ್ಟಿದ್ದೇನೆ ಎಂದ. ಉಳಿದ ಅರ್ಧ ಎಲ್ಲಿ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರದಲ್ಲಿ ಬಸ್ ಚಾರ್ಜು ಇತ್ತು, ಖಾನಾವಳಿಯ ಊಟ ಇತ್ತು, ಕಿಸೆ ಹರಿದ ಕಥೆಯೂ ಇತ್ತು. ಕ್ಯಾಸೆಟ್ಟು ಇರಲಿಲ್ಲ. ಅದು ಅವನ ಅಂಗಿಯೊಳಗೆ ಹೊಟ್ಟೆಗೆ ಹತ್ತಿಕೊಂಡಿತ್ತು.

ನಮ್ಮೂರಿನಲ್ಲಿ ಅಪ್ಪನಿಗಿಂತ ಅಪ್ಪನ ಪೇಟಿಗೇ ಹೆಚ್ಚು ಮರ್ಯಾದೆ ಎಂದು ಅವ್ವ ನಗುತ್ತಿದ್ದಳು. ಅಪ್ಪ ನಾಲ್ಕೆಕರೆ ಹೊಲದ ಒಕ್ಕಲಿಗ. ಆದರೆ ಸೋಮವಾರದ ಭಜನೆಯಲ್ಲಿ, ಸುತ್ತಲಿನ ಊರುಗಳ ನಾಟಕದಲ್ಲಿ ಅವನು 'ಪೇಟಿ ಮಾಸ್ತರ'. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವನಿಗೆ ಕಾಶಿ. ಅವನು ಅಲ್ಲಿ ಕಲಿತವನಲ್ಲ. ಜಾತ್ರೆಗೆ ಹೋದಾಗ ರಾತ್ರಿಯಿಡೀ ಕೂತು ಕೇಳಿ ಬಂದವನು. ಪಂಚಾಕ್ಷರಿ ಗವಾಯಿಗಳು 1944ರಲ್ಲೇ ಲಿಂಗೈಕ್ಯರಾಗಿದ್ದರು. ಅಪ್ಪ ಅವರನ್ನು ಕಂಡವನಲ್ಲ. ಆದರೂ ಹೆಸರು ಬಂದರೆ ಕೈ ಮುಗಿಯುತ್ತಿದ್ದ. ಪುಟ್ಟರಾಜ ಗವಾಯಿಗಳ ಬೆರಳು ಪೇಟಿಯ ಮೇಲೆ ಓಡುವುದನ್ನು ಮಾತ್ರ ಕಣ್ಣಾರೆ ಕಂಡಿದ್ದ. "ಕಣ್ಣಿಲ್ಲದವರ ಬೆರಳಿಗೆ ಕಣ್ಣಿರ್ತಾವು, ನಮ್ಮ ಕಣ್ಣಿಗೆ ಬೆರಳಿಲ್ಲ" ಎನ್ನುತ್ತಿದ್ದ. ಇದರ ಅರ್ಥ ನನಗೆ ಆಗಲೂ ಪೂರ್ತಿ ಆಗಿರಲಿಲ್ಲ, ಈಗಲೂ ಇಲ್ಲ. ಆದರೆ ಹೇಳುವಾಗ ಅವನ ಮುಖ ಬೇರೆಯಾಗುತ್ತಿತ್ತು.

ಅಂಥ ಪೇಟಿಯೂ ಪರದೇಶದಿಂದ ಬಂದ ಕೂಸು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಫ್ರಾನ್ಸಿನ ದೆಬೆನ್ ಎಂಬವನು 1840ರ ದಶಕದಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಪಾದ್ರಿಗಳ ಜೊತೆ ಹಡಗು ಹತ್ತಿ ಬಂದು, ಕಾಲಿನಿಂದ ತುಳಿಯುವುದನ್ನು ಬಿಟ್ಟು ಕೈಯಿಂದ ತಿದಿ ಒತ್ತಿಸಿಕೊಳ್ಳುವುದನ್ನು ಕಲಿತು, ನಮ್ಮ ಭಜನೆಯ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಕೂತುಬಿಟ್ಟಿತು. ದೊಡ್ಡವರು ಅದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಅದರಲ್ಲಿ ಮೀಂಡ್ ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ, ಶ್ರುತಿಗಳು ಸಿಗುವುದಿಲ್ಲ ಎಂದು ಹೇಳಿ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಒಳಗೆ ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷ! ಅಪ್ಪ ಪೇಟಿ ಕಲಿತದ್ದು ಆ ಬಹಿಷ್ಕಾರದ ಕಾಲದಲ್ಲೇ. ಒಮ್ಮೆ ಇದನ್ನು ಹೇಳಿದೆ. "ರೇಡಿಯೋದವರಿಗೆ ಏನ್ ತಿಳೀತದ" ಅಂದ. ಅವನ ಮಗ 'ಪ್ರೇಮಲೋಕ'ದ ಬಗ್ಗೆ ಹೇಳುತ್ತಿದ್ದುದೂ ಇದನ್ನೇ: "ಅಪ್ಪಗ ಏನ್ ತಿಳೀತದ."

ಕ್ಯಾಸೆಟ್ಟು ತಂದದ್ದೇನೋ ಆಯಿತು, ಕೇಳುವುದು ಹೇಗೆ? ಗೋವಾದಲ್ಲಿ ಕೆಲಸಕ್ಕಿದ್ದ ಸೋದರಮಾವ ಒಂದು ಟೂ ಇನ್ ಒನ್ ತಂದು ನಮ್ಮಲ್ಲಿ ಇಟ್ಟು ಹೋಗಿದ್ದ. ಅಪ್ಪ ಹೊಲಕ್ಕೆ ಹೋದ ಮೇಲೆ ತಮ್ಮ ಅದನ್ನು ಅಡಿಗೆಮನೆಯ ಒಲೆಯ ಪಕ್ಕಕ್ಕೆ ತಂದಿಟ್ಟ. ಕರೆಂಟು ಇರಲಿಲ್ಲ. ಬ್ಯಾಟರಿಯ ಶೆಲ್ಲು ತೆಗೆದು ಹಾಕಿದ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬಿ.ಎ. ಎರಡನೆಯ ವರ್ಷದ ಪುಸ್ತಕ ಹಿಡಿದು ಕೂತಿದ್ದೆ.

ಮೊದಲು ಬಂದದ್ದು ತಾಳ. ತಬಲಾ ಅಲ್ಲ, ದಪ್ಪು ಅಲ್ಲ, ನಾನು ಕಂಡ ಯಾವ ಚರ್ಮದ ವಾದ್ಯವೂ ಅಲ್ಲ. ಹಿಟ್ಟಿನ ಗಿರಣಿಯ ಪಟ್ಟಿಯಂತೆ ಒಂದೇ ಸಮನೆ, ದಣಿವಿಲ್ಲದೆ ಬಡಿಯುವ ತಾಳ. ಅದರ ಮೇಲೆ ಗಾಜು, ತಗಡು, ನೀರು ಮೂರನ್ನೂ ಕೂಡಿಸಿದಂಥ ದನಿ. ಇದು ಸಿಂಥಸೈಸರ್ ಎಂಬ ಯಂತ್ರದ ದನಿಯೆಂದು ತಮ್ಮ ಹೇಳಿದ. ಅವನಿಗೂ ಆ ಹೆಸರು ಅವತ್ತೇ ಅಂಗಡಿಯಲ್ಲಿ ಸಿಕ್ಕಿತ್ತು. ಊರಿನವರಿಗೆ ಆಮೇಲೆ ಇಂಥದ್ದೆಲ್ಲ 'ಕ್ಯಾಸಿಯೊ' ಆಯಿತು, ಯಾವ ಕಂಪನಿಯದಾದರೂ ಸರಿ. ತಂತಿಯನ್ನು ಮೀಟುವುದಿಲ್ಲ, ಗಾಳಿ ಊದುವುದಿಲ್ಲ. ವಿದ್ಯುತ್ತಿನ ಅಲೆಯನ್ನೇ ತಿದ್ದಿ ತೀಡಿ ದನಿ ಮಾಡುವುದು ಅದರ ಕೆಲಸ. 1983ರಲ್ಲಿ ಯಮಹಾ ಕಂಪನಿಯ ಡಿಎಕ್ಸ್-7 ಎಂಬ ಇಂಥ ವಾದ್ಯ ಬಂತು. ಅದೇ ವರ್ಷ, ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂದು ಹೇಳಿ ನುಡಿಸುವ ಮಿಡಿ ಎಂಬ ಪದ್ಧತಿಯೂ ಬಂತು. ಹತ್ತಾರು ಜನ ಪಿಟೀಲು ಹಿಡಿದು ಕೂರುತ್ತಿದ್ದ ಕಡೆ ಇಬ್ಬರು ಕೂತರೂ ಸಾಕು ಎನ್ನುವ ಕಾಲ ಶುರುವಾದದ್ದು ಹೀಗೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಂತ್ರವಲ್ಲ, ಮಾತು. ಒಂದು ಹಾಡಿನ ಹೆಸರು 'ಚೆಲುವೆ ಒಂದು ಕೇಳ್ತೀನಿ.' ನಾನು ಕನ್ನಡದ ವಿದ್ಯಾರ್ಥಿನಿ. 'ಕೇಳುವೆನು' ಎಂದು ಹಾಡಿನಲ್ಲಿ ಬರಬೇಕು, ತಪ್ಪಿದರೆ 'ಕೇಳುವೆ' ಎಂದಾದರೂ ಬರಬೇಕು. 'ಕೇಳ್ತೀನಿ' ಎಂದು ಹಾಡಬಹುದೇ? ಅದು ಬೆಂಗಳೂರಿನ ಬಸ್ ಸ್ಟಾಂಡಿನಲ್ಲಿ ಆಡುವ ಮಾತು. ಅಷ್ಟರ ತನಕ ನಮ್ಮ ಸಿನಿಮಾ ಹಾಡಿನ ಪ್ರೇಮಿಗಳು ಪ್ರೀತಿ ಮಾಡುವಾಗ ಗ್ರಂಥದ ಕನ್ನಡ ಆಡುತ್ತಿದ್ದರು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅವರ ಸಾಲುಗಳನ್ನು ರಾಜನ್-ನಾಗೇಂದ್ರ ಜೋಡಿಯ ಇಂಪಿನಲ್ಲಿ ಕೇಳಿ ಬೆಳೆದವಳು ನಾನು. ಆ ಇಂಪಿನ ಋಣ ಸಣ್ಣದಲ್ಲ. ಆದರೂ ಆ ಹಾಡುಗಳ ಹುಡುಗಿ ಹೆಚ್ಚಾಗಿ ಕೇಳುವವಳು, ಹೊಗಳಿಸಿಕೊಳ್ಳುವವಳು. ಇಲ್ಲಿಯ ಹುಡುಗಿ ತಿರುಗಿ ಮಾತಾಡುತ್ತಿದ್ದಳು. ಹುಡುಗ ಒಂದು ಅಂದರೆ ಅವಳೊಂದು ಅನ್ನುತ್ತಿದ್ದಳು, ಅದೂ ಪ್ರಾಸ ತಪ್ಪದಂತೆ.

ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವ್ವ ಕೇಳಿದಳು. "ಇದೇನು ಹೊಸಾದೇನ? ಹರದೇಶಿ-ನಾಗೇಶಿನ ಅಲ್ಲೇನಿದು?"

ನಮ್ಮ ಕಡೆ ಗೀಗೀ ಪದದಲ್ಲಿ ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು ಮೇಳ ರಾತ್ರಿಯಿಡೀ ವಾದ ಮಾಡುವುದನ್ನು ಬಲ್ಲವರಿಗೆ ಅವ್ವನ ಮಾತು ಅರ್ಥವಾಗುತ್ತದೆ. ಮುಂದೆ ಈ ಕ್ಯಾಸೆಟ್ಟಿನ ಬಗ್ಗೆ ಪತ್ರಿಕೆಗಳಲ್ಲಿ ನಾನು ಓದಿದ್ದರಲ್ಲಿ ಅವ್ವನ ಈ ಒಂದು ಸಾಲಿನಷ್ಟು ಸರಿಯಾದದ್ದು ಸಿಗಲಿಲ್ಲ. ಅವಳು ಸಹಿ ಮಾಡಲಿಕ್ಕಷ್ಟೇ ಕಲಿತವಳು.

ಈ ಹಾಡುಗಳ ಹಿಂದೆ ಇದ್ದವರು ಇಬ್ಬರು. ಒಬ್ಬರು ವಿ. ರವಿಚಂದ್ರನ್, ಆಗ ಇಪ್ಪತ್ತಾರರ ಹುಡುಗ. ತಂದೆ ಎನ್. ವೀರಾಸ್ವಾಮಿ 'ನಾಗರಹಾವು' ಚಿತ್ರವನ್ನು ತೆಗೆದ ನಿರ್ಮಾಪಕರು. ಮಗ ನಟನಾಗಿ ಕೆಲವು ಚಿತ್ರಗಳನ್ನು ಮಾಡಿದ್ದರೂ ನಿರ್ದೇಶನಕ್ಕೆ ಇಳಿದದ್ದು ಇದೇ ಮೊದಲು. ಇನ್ನೊಬ್ಬರು ಹಂಸಲೇಖ. ನಿಜ ಹೆಸರು ಗಂಗರಾಜು. 1973ರ 'ತ್ರಿವೇಣಿ' ಚಿತ್ರಕ್ಕೆ ಹಾಡು ಬರೆದು, ಆಮೇಲೆ ವರ್ಷಗಟ್ಟಲೆ ಕಾದವರು. 1985ರಲ್ಲಿ ರವಿಚಂದ್ರನ್ ನಟಿಸಿದ 'ನಾನು ನನ್ನ ಹೆಂಡ್ತಿ' ಚಿತ್ರಕ್ಕೆ ಅವರು ಬರೆದ ಹಾಡುಗಳಿಗೆ ಸಂಗೀತ ಕೊಟ್ಟವರು ಶಂಕರ್-ಗಣೇಶ್. 'ಪ್ರೇಮಲೋಕ'ದಲ್ಲಿ ಮಾತು, ಮಟ್ಟು ಎರಡೂ ಅವರವೇ. ಇದು ಸಣ್ಣ ಬದಲಾವಣೆಯಲ್ಲ. ಮಟ್ಟು ಮೊದಲು ಹುಟ್ಟಿ ಅದಕ್ಕೆ ಇನ್ನೊಬ್ಬ ಕವಿ ಮಾತು ಕೂಡಿಸುವಾಗ ಮಾತು ಅಳತೆಗೆ ತಕ್ಕಂತೆ ಕತ್ತರಿಸಿದ ಬಟ್ಟೆಯಾಗುತ್ತದೆ. ಎರಡೂ ಒಂದೇ ತಲೆಯಲ್ಲಿ ಹುಟ್ಟಿದರೆ, 'ಏನಂತೀಯ' ಎಂದು ಬಾಯಿ ಏರುವ ಕಡೆ ಮಟ್ಟೂ ಏರುತ್ತದೆ. ಹಂಸಲೇಖ ಮಾತಿನ ಏರಿಳಿತವನ್ನೇ ಮಟ್ಟು ಮಾಡಿದರು. ರವಿಚಂದ್ರನ್ ಇಡೀ ಚಿತ್ರವನ್ನು ಆ ಹಾಡುಗಳ ಮೇಲೆ ಕಟ್ಟಿದರು. ಕಾಲೇಜು, ಮೋಟಾರ್ ಸೈಕಲ್ಲು ಏರಿ ಬರುವ ಗುಟ್ಟಿನ ಹುಡುಗ ಎಂಬ ಕಥೆಯ ಎಳೆ 1982ರ ಇಂಗ್ಲಿಷ್ ಚಿತ್ರ 'ಗ್ರೀಸ್ 2'ರಿಂದ ಬಂದದ್ದು. ಇದನ್ನು ಮುಚ್ಚಿಡಬೇಕಾದದ್ದೇನೂ ಇಲ್ಲ. ನಾಯಕಿ ಜೂಹಿ ಚಾವ್ಲಾ. ವಿಷ್ಣುವರ್ಧನ್, ಅಂಬರೀಷ್ ಅವರಂಥ ದೊಡ್ಡ ನಟರು ಒಂದೆರಡು ದೃಶ್ಯಕ್ಕೆ ಬಂದು ಹೋಗುತ್ತಾರೆ. ಜೊತೆಜೊತೆಗೆ 'ಪರುವ ರಾಗಂ' ಎಂದು ತಮಿಳಿನಲ್ಲೂ ಅದೇ ವರ್ಷ ತೆಗೆದರು. ಮೊದಲ ಚಿತ್ರದಲ್ಲೇ ಇಷ್ಟು ಖರ್ಚು, ಇಷ್ಟು ಹಾಡು. ಹಾಡು ಬಿದ್ದಿದ್ದರೆ ಚಿತ್ರ ಏಳುವಂತಿರಲಿಲ್ಲ.

ಹಾಡು ಬೀಳಲಿಲ್ಲ. ಲಹರಿ ಕಂಪನಿಯ ಆ ಕ್ಯಾಸೆಟ್ಟು ನಾಡನ್ನೆಲ್ಲ ಸುತ್ತಿತು. ನಮ್ಮ ಡೋಣಿಗೆ ಸಿನಿಮಾಕ್ಕಿಂತ ಮೊದಲೇ ಬಂತು: ಟ್ರ್ಯಾಕ್ಟರಿನಲ್ಲಿ, ಚಹಾದಂಗಡಿಯಲ್ಲಿ, ಮದುವೆಯ ಹಂದರಕ್ಕೆ ಕಟ್ಟಿದ ಕರ್ಣೆಯಲ್ಲಿ. ಗದಗಿನ ಕಾಲೇಜಿನ ಹುಡುಗಿಯರ ಕೋಣೆಯಲ್ಲಿ ನಾವು ಬಾಗಿಲು ಹಾಕಿಕೊಂಡು ಹಾಡುತ್ತಿದ್ದೆವು. ಹುಡುಗಿಯ ಪಾಲಿನ ಸಾಲುಗಳು ಬಂದಾಗ ದನಿ ಏರಿಸುತ್ತಿದ್ದೆವು. ನಾವು ಐವರು ಲೈಬ್ರರಿಗೆಂದು ಹೇಳಿ ಸಿನಿಮಾಕ್ಕೆ ಹೋಗಿ ಬಂದೆವು. ಸಿನಿಮಾ ನನಗೆ ಕ್ಯಾಸೆಟ್ಟಿನಷ್ಟು ಹಿಡಿಸಲಿಲ್ಲ. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹುಡುಗಿ ಜೂಹಿ ಚಾವ್ಲಾಳಿಗಿಂತ ಕಪ್ಪಗಿದ್ದಳು, ಅವಳ ತಲೆಯ ಮೇಲೆ ಬುತ್ತಿಯ ಗಂಟೂ ಇತ್ತು.

ಬಯ್ದವರೂ ಕಡಿಮೆಯಿರಲಿಲ್ಲ. ನಮಗೆ ಪಾಠ ಹೇಳುತ್ತಿದ್ದ ಗುರುಗಳೊಬ್ಬರು ತರಗತಿಯಲ್ಲಿ, ಕನ್ನಡದ ಹಾಡಿಗೆ ಕಾಲೇಜಿನ ಕಟ್ಟೆಯ ಗತಿ ಬಂತು ಎಂದು ಮರುಗಿದರು. ಅಪ್ಪನಿಗೆ ವಿಷಯ ತಿಳಿದದ್ದು ಎಂಟನೆಯ ದಿನ. ಪೇಟಿ ಬಿಡಿಸಿಕೊಂಡು ಬರಲು ತಾನೇ ಹೋದಾಗ ಅಂಗಡಿಯವರು ಉಳಿದ ರೊಕ್ಕ ಕೇಳಿದರು. ಮನೆಗೆ ಬಂದ ಅಪ್ಪ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಕ್ಯಾಸೆಟ್ಟು ಹಾಕಲು ಹೇಳಿದ. ಅರ್ಧ ಹಾಡು ಕೇಳಿದ.

"ಇದು ಹಾಡಲ್ಲ. ಸಂತ್ಯಾಗಿನ ಮಾತು. ಇದರ ಸಲುವಾಗಿ ನನ್ನ ಪೇಟಿ ಒತ್ತಿ ಇಟ್ಟಿ?"

ತಮ್ಮ ಏನೂ ಅನ್ನಲಿಲ್ಲ. ಆ ವರ್ಷದ ತಾಲೀಮು ಬೇರೆ ಊರಿನಿಂದ ಕಡ ತಂದ ಪೇಟಿಯ ಮೇಲೆ ನಡೆಯಿತು. ಕಡ ತಂದ ಪೇಟಿ ನುಡಿಸುವುದೆಂದರೆ ಅಪ್ಪನಿಗೆ ಕಡ ತಂದ ಧೋತರ ಉಟ್ಟಂತೆ. ಜಾತ್ರೆ ಮುಗಿದ ಮೇಲೆ ತಮ್ಮ ಹುಬ್ಬಳ್ಳಿಗೆ ಹೋದ. ಹೋದವನು ಆರ್ಕೆಸ್ಟ್ರಾದ ಸಾಮಾನು ಹೊರುವ ಕೆಲಸಕ್ಕೆ ಸೇರಿ, ಮೂರು ವರ್ಷದಲ್ಲಿ ಅಲ್ಲಿಯೇ ಕೀಬೋರ್ಡಿನ ಮುಂದೆ ನಿಂತ. ಅವನ ಬೆರಳಿಗೆ ಮನೆಗಳ ಪರಿಚಯ ಮಾಡಿಸಿದ್ದು ಅಪ್ಪನ ಪೇಟಿಯೇ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಹಬ್ಬಕ್ಕೆ ಬಂದರೆ ಊಟ ಮಾಡಿ, ಅವ್ವನ ಕೈಯಲ್ಲಿ ರೊಕ್ಕ ಇಟ್ಟು, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಅಪ್ಪ-ಮಗನ ನಡುವೆ ಮಾತು ಮಳೆ-ಬೆಳೆಯಷ್ಟಕ್ಕೆ ನಿಂತಿತು. ಹೀಗೆ ಎಂಟು ವರ್ಷ.

ನಾನು ಅಷ್ಟರಲ್ಲಿ ಬಿ.ಇಡಿ. ಮುಗಿಸಿ ಕನ್ನಡದ ಶಿಕ್ಷಕಿಯಾಗಿದ್ದೆ. ಈಗ ಬರೆಯುವುದನ್ನು ಬರೆಯದೆ ಬಿಡಬಹುದಾಗಿತ್ತು. ಆದರೆ ಅಪ್ಪನ ಲೆಕ್ಕ ತೆಗೆದ ಮೇಲೆ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. 1994ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬೆಳಗಿನ ಪ್ರಾರ್ಥನೆಯನ್ನು ಅವನೇ ಎತ್ತಿಕೊಡುತ್ತಿದ್ದ. ಕಂಚಿನಂಥ ಕಂಠ. ಒಂದು ಮಧ್ಯಾಹ್ನ ನಾನು ಹಲಗೆಯ ಮೇಲೆ ಆಗಮಸಂಧಿಯ ಉದಾಹರಣೆ ಬರೆಯುತ್ತಿದ್ದಾಗ ಬೆನ್ನ ಹಿಂದೆ ಬೆಂಚಿನ ಮೇಲೆ ತಾಳ ಕೇಳಿತು, ಅದರ ಮೇಲೆ ಸಣ್ಣ ದನಿಯಲ್ಲಿ ಹಾಡು. ಹಂಸಲೇಖರದ್ದೇ ಯಾವುದೋ ಹೊಸ ಚಿತ್ರದ ಹಾಡು. ಆ ವರ್ಷಗಳಲ್ಲಿ ಅವರ ಹಾಡು ಇಲ್ಲದ ಓಣಿ ಇರಲಿಲ್ಲ. ನಾನು ತಿರುಗಿದೆ. "ಇದೇನು ಸಂತಿ ಅಂತ ತಿಳಕೊಂಡಿಯೇನು?" ಎಂದು ಅವನ ಕೈಗೆ ಪಟ್ಟಿಯಿಂದ ಎರಡು ಕೊಟ್ಟು, ಬಿಸಿಲಿನಲ್ಲಿ ಧ್ವಜದ ಕಟ್ಟೆಯ ಹತ್ತಿರ ನಿಲ್ಲಿಸಿದೆ. ಬಾಯಿಂದ ಬಂದ ಆ ಶಬ್ದ ಯಾರದ್ದು ಎಂದು ನನಗೆ ಹೊಳೆದದ್ದು ರಾತ್ರಿ ಉಣ್ಣಲು ಕೂತಾಗ. ಮರುದಿನ ಪ್ರಾರ್ಥನೆಗೆ ಅವನು ಹಿಂದಿನ ಸಾಲಿನಲ್ಲಿ ನಿಂತ. ಎತ್ತಿಕೊಡಲು ಕರೆದೆ. ಗಂಟಲು ಸರಿಯಿಲ್ಲ ಎಂದ. ಆ ವರ್ಷವಿಡೀ ಗಂಟಲು ಸರಿಯಾಗಲಿಲ್ಲ. ನಾನು ಮತ್ತೆ ಕರೆಯಲಿಲ್ಲ. ಕರೆಯಬೇಕಿತ್ತು.

1995ರಲ್ಲಿ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರ ಬಂತು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ್ದು. ಸಿನಿಮಾ ನೋಡದ ಅಪ್ಪ ಭಜನೆಯವರನ್ನು ಕೂಡಿಸಿಕೊಂಡು ಗದಗಿಗೆ ಹೋಗಿ ನೋಡಿದ. ತಿರುಗಿ ಬಂದವನು ಎರಡು ದಿನ ಅದೇ ಗುಂಗಿನಲ್ಲಿದ್ದ. ಪೇಟಿ ತೆಗೆದು ಅಲ್ಲಿ ಕೇಳಿದ್ದನ್ನು ಹುಡುಕುತ್ತಿದ್ದ, ಸಿಕ್ಕಲ್ಲಿ ತಲೆದೂಗುತ್ತಿದ್ದ. ದೀಪಾವಳಿಗೆ ತಮ್ಮ ಬಂದಿದ್ದ.

"ಏನ್ ಸಂಗೀತ ಮಾಡ್ಯಾನಪಾ ಪುಣ್ಯಾತ್ಮ" ಎಂದು ಅಪ್ಪ ಪಕ್ಕದ ಮನೆಯ ಕಾಕಾನಿಗೆ ಹೇಳುವುದು ಪಡಸಾಲೆಯಲ್ಲಿ ಕೇಳಿಸಿತು. "ಗವಾಯಿಗಳು ಮೈಮ್ಯಾಗ ಬಂದಂಗ ಮಾಡ್ಯಾನ."

ತಮ್ಮ ಬಾಗಿಲಿಗೆ ಆತು ನಿಂತು ಹೇಳಿದ. "ಅಪ್ಪಾ, ಅದನ್ನ ಮಾಡಿದವರು ಹಂಸಲೇಖ."

ಅಪ್ಪನಿಗೆ ಹೆಸರು ಗೊತ್ತಾಗಲಿಲ್ಲ.

"ನಿನ್ನ ಪೇಟಿ ಒತ್ತಿ ಇಟ್ಟು ತಂದಿದ್ನೆಲ್ಲ, ಆ ಕ್ಯಾಸೆಟ್ಟು ಮಾಡಿದವರ ಇವರು. ಹಾಡಿದವರೂ ಅವರ, ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅದರಾಗೂ ಅವರ ಅದಾರ."

ಕಾಕಾ ಎದ್ದು ಹೋದ. ಅಪ್ಪ ಬಹಳ ಹೊತ್ತು ಎಲೆ-ಅಡಿಕೆ ಮೆಲ್ಲುತ್ತ ಕೂತ. ಆ ಚಿತ್ರದ ಸಂಗೀತಕ್ಕೆ ಹಂಸಲೇಖ ಅವರಿಗೆ, ಹಾಡಿದ್ದಕ್ಕೆ ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಮುಂದಿನ ಮಾತು. ಪ್ರಶಸ್ತಿ ಬಂದದ್ದರಿಂದ ಅಪ್ಪ ಮನಸ್ಸು ಬದಲಿಸಿದ ಎಂದು ಯಾರೂ ತಿಳಿಯಬಾರದೆಂದು ಇದನ್ನು ಹೇಳುತ್ತಿದ್ದೇನೆ. ಪ್ರಶಸ್ತಿಗೆ ಬಗ್ಗುವ ಆಳಲ್ಲ ಅವನು.

ಮರುದಿನ ಮುಂಜಾನೆ ಅವನೇ ಕೇಳಿದ: "ಆ ಡಬ್ಬಿ ಎಲ್ಲಿ ಐತಿ?"

ಕ್ಯಾಸೆಟ್ಟು ಟ್ರಂಕಿನಲ್ಲಿತ್ತು. ಟೇಪಿನ ರೀಲು ಒಂದು ಕಡೆ ಸುತ್ತಿ ಸುಕ್ಕಾಗಿತ್ತು. ಪೆನ್ಸಿಲ್ ಹಾಕಿ ತಿರುಗಿಸಿ ಸರಿಮಾಡಿದೆ. ಅಪ್ಪ ಪೇಟಿಯನ್ನು ಮುಂದಿಟ್ಟುಕೊಂಡು ಕೂತ. ಎ ಬದಿ ಪೂರ್ತಿ, ಬಿ ಬದಿ ಪೂರ್ತಿ ಕೇಳಿದ. ನಡುನಡುವೆ ಎಡಗೈ ತಿದಿಗೆ ಹೋಗುತ್ತಿತ್ತು. ಒಂದೆರಡು ಸ್ವರ ಒತ್ತಿ ನೋಡಿ ಬಿಡುತ್ತಿದ್ದ. ಎಲ್ಲ ಮುಗಿದು ಖಟ್ ಎಂದು ಗುಂಡಿ ಮೇಲೆದ್ದಾಗ ಹೇಳಿದ:

"ಈಗೂ ಹಾಡು ಅನ್ನಂಗಿಲ್ಲ ನಾ ಇದಕ್ಕ. ಮಾತಾಡ್ತಾನ. ಆದ್ರ ತಾಳಾ ಬಿಟ್ಟು ಮಾತಾಡಂಗಿಲ್ಲ."

ತಮ್ಮ ನೆಲ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಅವನನ್ನೇ ಕೇಳಿದ: "ನಿನ್ನ ಆ ಪೆಟ್ಟಿಗ್ಯಾಗ ಕರಿ ಒಂದು ಎಲ್ಲಿ ಬರತದ?"

ಕರಿ ಒಂದು ಅಪ್ಪನ ಪಟ್ಟಿ. ಅವನು ಹಾಡುತ್ತಿದ್ದುದು, ನುಡಿಸುತ್ತಿದ್ದುದು ಅದರಲ್ಲೇ. ತಮ್ಮ ಹೇಳಿದ, ಎಲ್ಲಿ ಬೇಕಾದರೂ ತರಬಹುದು, ಒಂದು ಗುಂಡಿ ಒತ್ತಿದರೆ ಬಿಳಿ ಮನೆಯೇ ಕರಿ ಒಂದರ ದನಿ ಕೊಡುತ್ತದೆ, ಬೆರಳು ಬದಲಿಸುವುದು ಬೇಡ.

"ಗುಂಡಿ ಒತ್ತಿದರ ಸಾಕು? ಹಂಗಾರ ಬೆರಳು ಯಾಕ ಬೇಕಪಾ?"

"ಬೆರಳು ಬೇಕಪ್ಪಾ. ಹಾಡವರು ಯಾವ ಪಟ್ಟೀಲೆ ಎತ್ತತಾರೋ ಅದು ನಮ್ಮ ಕೈಯಾಗ ಇರಂಗಿಲ್ಲಲ್ಲ."

ಎಂಟು ವರ್ಷದ ಮೇಲೆ ಅಪ್ಪ-ಮಗ ಆಡಿದ ಮೊದಲ ಉದ್ದನೆಯ ಮಾತು ಇದು. ಆ ಸಲ ತಮ್ಮ ಸಂಜೆಯ ಬಸ್ಸು ಬಿಟ್ಟ. ಒಬ್ಬರು ಇನ್ನೊಬ್ಬರ ತಪ್ಪು ಮಾಫಿ ಮಾಡಿದಂತೆ ನನಗೆ ಕಾಣಲಿಲ್ಲ. ಪೇಟಿ ಒತ್ತಿ ಇಟ್ಟ ಮಾತನ್ನು ಅಪ್ಪ ಆಮೇಲೂ ಮೂರು ತಿಂಗಳಿಗೊಮ್ಮೆ ತೆಗೆಯುತ್ತಿದ್ದ. ಆದರೆ ತೆಗೆಯುವಾಗ ಎದುರಿಗೆ ಮಗನಿರುತ್ತಿದ್ದ.

ಅಪ್ಪ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಇದನ್ನೆಲ್ಲ ಈಗ ಕೆದಕಿದವಳು ಬೆಂಗಳೂರಿನಲ್ಲಿರುವ ಮಗಳು. ಫೋನಿನಲ್ಲಿ ಒಂದು ಇಂಗ್ಲಿಷ್ ಹಾಡು ಕಳಿಸಿ, "ಅವ್ವಾ, ನಿನ್ನ ಪ್ರೇಮಲೋಕದ ವರ್ಷದ್ದೇ ಇದು, ಕೇಳು" ಎಂದಳು. ಪೆಟ್ ಶಾಪ್ ಬಾಯ್ಸ್ ಎಂಬ ಜೋಡಿ. ಹಾಡುವವರು ನೀಲ್ ಟೆನೆಂಟ್, ಕೀಬೋರ್ಡು ಕ್ರಿಸ್ ಲೋ. ಒಬ್ಬರು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವರು, ಇನ್ನೊಬ್ಬರು ಕಟ್ಟಡದ ವಿನ್ಯಾಸ ಓದುತ್ತಿದ್ದವರು. 1981ರಲ್ಲಿ ಲಂಡನ್ನಿನ ಒಂದು ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಪರಿಚಯವಾಯಿತಂತೆ. 1987ರ ಸೆಪ್ಟೆಂಬರಿನಲ್ಲಿ ಅವರ ಎರಡನೆಯ ಆಲ್ಬಂ ಬಂತು. ಹೆಸರು 'ಆಕ್ಚುಲಿ.' ಅದರ ಮುಖಪುಟದಲ್ಲಿ ಇಬ್ಬರೂ ಕರಿ ಕೋಟು ಹಾಕಿ ನಿಂತಿದ್ದಾರೆ, ಹಾಡುವವರು ಬಾಯಿ ತೆರೆದು ಆಕಳಿಸುತ್ತಿದ್ದಾರೆ. ಮೂವತ್ತು ವರ್ಷ ಮಕ್ಕಳ ಆಕಳಿಕೆ ಎದುರಿಸಿದ ನನಗೆ ನಗು ತಡೆಯಲಾಗಲಿಲ್ಲ. ಇನ್ನೊಬ್ಬರು ವೇದಿಕೆಯ ಮೇಲೂ ಅಲುಗಾಡದೆ ಕೀಬೋರ್ಡಿನ ಹಿಂದೆ ನಿಲ್ಲುತ್ತಾರೆಂದು ಮಗಳು ಒಂದು ವಿಡಿಯೋ ತೋರಿಸಿದಳು. ಅಪ್ಪನಿಗೆ ಇವರು ಹಿಡಿಸುತ್ತಿದ್ದರು. ತಲೆ ಕುಣಿಸುತ್ತ ನುಡಿಸುವವರನ್ನು ಅವನು ನಂಬುತ್ತಿರಲಿಲ್ಲ.

ಅದೇ ದಣಿವಿಲ್ಲದ ತಾಳ, ಅದೇ ಗಾಜು-ತಗಡು-ನೀರಿನ ದನಿ. ನಮ್ಮ ಒಲೆಯ ಪಕ್ಕ ಕೇಳಿದ್ದು ಅಲ್ಲಿಯೂ ಕೇಳುತ್ತಿತ್ತೇ ಎಂದು ಬೆರಗಾಯಿತು. ಅವರ ಹಾಡುಗಾರರೂ ಎಷ್ಟೋ ಕಡೆ ಹಾಡುವುದಕ್ಕಿಂತ ಮಾತಾಡುತ್ತಾರೆ. ಮಗಳು ಕಳಿಸಿದ ಹಾಡಿನ ಹೆಸರು 'ಇಟ್ಸ್ ಎ ಸಿನ್', ಎಂದರೆ ಇದು ಪಾಪ. ಇಂಗ್ಲೆಂಡಿನಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ನ್ಯೂಕ್ಯಾಸಲ್ಲಿನ ಕ್ಯಾಥೊಲಿಕ್ ಶಾಲೆಯಲ್ಲಿ ಕಲಿತ ಟೆನೆಂಟ್, ಮಾಡಿದ್ದೆಲ್ಲ ತಪ್ಪು ಎಂದು ಹೇಳಿಸಿಕೊಂಡು ಬೆಳೆದ ಹುಡುಗನ ಮಾತನ್ನು ಅದರಲ್ಲಿ ಹೇಳಿದ್ದಾರೆ. ಹದಿನೈದು ನಿಮಿಷದಲ್ಲಿ ತಮಾಷೆಗೆಂದು ಬರೆದದ್ದನ್ನು ಜನ ಬಹಳ ಗಂಭೀರವಾಗಿ ತೆಗೆದುಕೊಂಡರು ಎಂದು ಅವರೇ ಮುಂದೆ ಹೇಳಿದರಂತೆ. ಅವರಿಗೆ ತಮಾಷೆ ಇದ್ದೀತು. ನಾನು ಫೋನು ಕೆಳಗಿಟ್ಟು ಬಹಳ ಹೊತ್ತು ಕೂತೆ. ಹಾಡು ಕಟ್ಟಿದ ಹುಡುಗ ಒಬ್ಬ. ಅವನಂತೆ ನಿಂತು ಬಯ್ಸಿಕೊಂಡು, ಕಟ್ಟದೆ ಹೋದವರು ಎಷ್ಟು ಜನ? ನನ್ನ ಲೆಕ್ಕದಲ್ಲಿ ಒಬ್ಬನಂತೂ ಇದ್ದ, ಧ್ವಜದ ಕಟ್ಟೆಯ ಹತ್ತಿರ.

ಅವನು ಸಿಕ್ಕದ್ದು ಕಳೆದ ಬೇಸಿಗೆಯಲ್ಲಿ, ನಮ್ಮೂರಿನ ಒಂದು ಮದುವೆಯಲ್ಲಿ. ಈಗ ತಲೆ ಅರ್ಧ ಬೆಳ್ಳಗಾಗಿದೆ. ಮದುವೆ, ಮೆರವಣಿಗೆಗೆ ಡಿಜೆ ಸೌಂಡು ಬಾಡಿಗೆ ಕೊಡುವ ವ್ಯಾಪಾರ. ಎರಡು ಗಾಡಿ ಇಟ್ಟಿದ್ದಾನೆ. "ಅಕ್ಕೋರ, ಆರಾಮದೀರಿ?" ಎಂದು ಕಾಲಿಗೆ ಬಿದ್ದ. ಸುತ್ತ ಜನ ಕಡಿಮೆಯಾದದ್ದನ್ನು ನೋಡಿ ನಾನೇ ಮಾತು ತೆಗೆದೆ. ಆ ದಿನ ನಿನಗೆ ಹೊಡೆದೆನಲ್ಲ, ಹಾಡಿದ್ದಕ್ಕೆ, ಅದು ತಪ್ಪಾಯಿತು ಎಂದೆ. ಇಷ್ಟು ಹೇಳಲು ಮೂವತ್ತು ವರ್ಷ ಬೇಕಾಗಿತ್ತು.

ಅವನು ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡ. "ನೀವು ಹೊಡದಿದ್ದು ಕಾಪಿ ಬರೀಲಾರದ್ದಕ್ಕಲ್ರಿ? ಹಾಡಿದ್ದಕ್ಕ ಯಾವಾಗ ಹೊಡದ್ರಿ?"

"ಪ್ರಾರ್ಥನೆ ಬಿಟ್ಟಿಯಲ್ಲ ಆಮೇಲೆ."

"ಧ್ವನಿ ಒಡದಿತ್ರಿ ಅಕ್ಕೋರ ಆ ವರ್ಷ. ಮೀಸಿ ಬರೂ ವ್ಯಾಳ್ಯಾ" ಎಂದು ನಕ್ಕ. ನಿಜ ಹೇಳಿದನೋ ನನ್ನನ್ನು ಉಳಿಸಿದನೋ ತಿಳಿಯಲಿಲ್ಲ.

"ನಿನ್ನ ಹತ್ರ ಪ್ರೇಮಲೋಕದ ಹಾಡು ಐತೇನಪಾ?" ಎಂದು ಕೇಳಿದೆ.

"ಎಲ್ಲಾ ಅದಾವ್ರಿ" ಎಂದು ಫೋನು ತೆಗೆದು ಏನೋ ಒತ್ತಿದ. ಆಳೆತ್ತರದ ಡಬ್ಬಿಗಳಿಂದ ಆ ತಾಳ ಎದ್ದಾಗ ಹಂದರದ ಗಳಗಳು ನಡುಗಿದವು. ಊಟದ ಸಾಲಿನಲ್ಲಿದ್ದ ನನ್ನ ತಮ್ಮ, ಐವತ್ತು ದಾಟಿದ ಗೃಹಸ್ಥ, ಎಲೆ ಬಿಟ್ಟು ಎದ್ದು ಬಂದು ಡಬ್ಬಿಯ ಮುಂದೆ ನಿಂತ. ನನ್ನ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅವ್ವ ಎರಡೂ ಕಿವಿ ಮುಚ್ಚಿಕೊಂಡಳು.

"ಸಪ್ಪಳ ಸ್ವಲ್ಪ ಸಣ್ಣ ಮಾಡೋ" ಎಂದೆ.

"ಹೂನ್ರಿ ಅಕ್ಕೋರ" ಎಂದು ಮಾಡಿದ.